ಹಾಡದ ಸಪ್ಲೈ

“ಸಹಿ ಹಾಕಲ್ಲ ಅಂದ್ರೆ ಹಾಕಲ್ಲ,” ಎಂದಳು ಪುಟ್ಟಿ. “ಪೆನ್ನು ನಿಮ್ಮ ಜೇಬಲ್ಲೇ ಇಟ್ಕೊಳ್ಳಿ. ಇಂಕು ಸೋರಿದ್ರೆ ಅದನ್ನೂ ನನ್ನ ತಲೆಗೇ ಕಟ್ತೀರಿ.”

ಸ್ಟುಡಿಯೋ ಮಾಲೀಕ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಟೆಸ್ಟಿಂಗ್ ಶೆಡ್ಡಿನ ಉದ್ದ ಮೇಜಿನ ಮೇಲೆ ಅವನು ಟೈಪ್ ಮಾಡಿಸಿ ತಂದ ಹಾಳೆ ಫ್ಯಾನಿನ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಅದರಲ್ಲಿದ್ದದ್ದು ಇಷ್ಟು: ಸ್ಟುಡಿಯೋದ ನಾಲ್ಕು ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಮೆಷೀನಿಗೆ ನಾನು ಹಾಕಿದ ಪವರ್ ಸಪ್ಲೈ ಕಳಪೆಯದು, ಬೆಂಕಿಗೆ ನಾನೇ ಹೊಣೆ. ಕೆಳಗೆ ಸಹಿಗೆ ಜಾಗ.

ಆ ಬೆಂಕಿಯ ಹೊಗೆ ಕುಡಿದ ಸ್ಟುಡಿಯೋದ ಆಪರೇಟರ್ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ಸಂಜೆಯೊಳಗೆ ಸಹಿ ಬೀಳದಿದ್ರೆ ಪೊಲೀಸ್ ಕಂಪ್ಲೇಂಟ್,” ಎಂದ ಮಾಲೀಕ. “ನಿನ್ನ ಅಸೆಂಬ್ಲಿ ಅಂಗಡಿಗೆ ಬೀಗ. ಆಮೇಲೆ ನಿಮ್ಮತ್ತೆ ಬಂದು ಕಾಲು ಹಿಡಿದ್ರೂ ನಾನು ಕೇಳಲ್ಲ.”

“ಕಾಲು ಹಿಡಿಯೋ ವಯಸ್ಸಲ್ಲಪ್ಪ ನಂದು. ಬಗ್ಗಿದ್ರೆ ಏಳೋದೇ ಕಷ್ಟ,” ಎಂದರು ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಅತ್ತೆ.

ಪುಟ್ಟಿಯ ಅಪ್ಪನ ಅಕ್ಕ ಅವರು. ಸುಟ್ಟ ಗೋಡೌನು, ಸುಟ್ಟ ಅಂಗಡಿಗಳನ್ನು ವಿಮಾ ಕಂಪನಿಗಾಗಿ ಕೆದಕುತ್ತ ಕೆದಕುತ್ತಲೇ ತಲೆ ನೆರೆದಿತ್ತು. ನಿವೃತ್ತಿಯಾದ ಮೇಲೂ ಎಲ್ಲಾದರೂ ಸುಟ್ಟ ವಾಸನೆ ಬಂದರೆ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಊರಿಗೆಲ್ಲ ಅವರು ಅತ್ತೆಯೇ. ಈ ಸಲ ಮಾತ್ರ ಸ್ವಂತ ಸೋದರ ಸೊಸೆಯ ಕುತ್ತಿಗೆಗೆ ಬಂದಿತ್ತು.

“ಸಹಿ ವಿಷಯ ಆಮೇಲೆ. ಮೊದಲು ಸಪ್ಲೈ ಏನು ಹೇಳುತ್ತೆ ಕೇಳೋಣ. ಅದಕ್ಕೇ ತಾನೆ ಬಂದಿರೋದು?” ಎಂದರು ಮೇಷ್ಟ್ರು.

ಶೆಡ್ಡು ಮೇಷ್ಟ್ರದು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿದ್ದವರು ಅದನ್ನು ಬಿಟ್ಟು ಪವರ್ ಸಪ್ಲೈಗಳ ಪರೀಕ್ಷೆಗೆಂದೇ ಈ ಶೆಡ್ಡು ಹಾಕಿದ್ದರು. ಯಾರ ಮಾಲೇ ಬರಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆಂಬ ಹೆಸರಿತ್ತು. ಆ ಹೆಸರಿನಿಂದಾಗಿ ಅರ್ಧ ಊರಿನ ವ್ಯಾಪಾರಿಗಳು ಅವರ ಜೊತೆ ಮಾತು ಬಿಟ್ಟಿದ್ದರು.

ಬಾಗಿಲು ತೆರೆಯಿತು. ವಿಮೆಯ ಅಧಿಕಾರಿ ಒಳಗೆ ಬಂದರು. ಅವರ ಹಿಂದೆ ಸ್ಟುಡಿಯೋದ ಗಾರ್ಡ್, ಎದೆಗವುಚಿಕೊಂಡ ಚೀಲದೊಂದಿಗೆ. ಇಸ್ತ್ರಿ ಮಾಡಿದ ಸಮವಸ್ತ್ರ, ಮುಖ ನೋಡಿಕೊಳ್ಳುವಷ್ಟು ಮಿರುಗುವ ಬೂಟು, ಬಲಗೈಗೆ ಬ್ಯಾಂಡೇಜು. ಬೆಂಕಿಯ ಕೋಣೆಗೆ ನುಗ್ಗಿ ಆಪರೇಟರನ್ನು ಹೆಗಲ ಮೇಲೆ ಹೊತ್ತು ತಂದವನು ಅವನೇ.

ಅವನು ಪುಟ್ಟಿಯ ಒಡಹುಟ್ಟಿದ ಅಣ್ಣ.

“ಏನೋ, ಊಟ ಆಯ್ತಾ?” ಎಂದರು ಅತ್ತೆ.

“ಆಯ್ತು ಅತ್ತೆ.” ತಂಗಿಯ ಕಡೆ ಅವನು ನೋಡಲಿಲ್ಲ. ತನಿಖೆ ಮುಗಿಯುವ ತನಕ ಅವಳ ಜೊತೆ ಮಾತಾಡಿದರೆ ಕೆಲಸದಿಂದ ತೆಗೆಯುತ್ತೇನೆಂದು ಮಾಲೀಕ ಮೊದಲೇ ಹೇಳಿದ್ದ. ಚೀಲ ಮೇಜಿನ ಮೇಲಿಟ್ಟು, ಹೋಗಿ ಬಾಗಿಲ ಬಳಿ ನಿಂತ.

ವಿಮೆಯವರು ಅರಗಿನ ಸೀಲನ್ನು ಎಲ್ಲರಿಗೂ ತೋರಿಸಿದರು. ಅದು ಕಿಂಚಿತ್ತೂ ಬಿರುಕು ಬಿಟ್ಟಿರಲಿಲ್ಲ. ಆಮೇಲೆ ಅದನ್ನು ಒಡೆದು ಸಪ್ಲೈಯನ್ನು ಹೊರಗೆ ತೆಗೆದರು.

ದಪ್ಪ ಇಟ್ಟಿಗೆಯಂಥ ಕಪ್ಪು ಡಬ್ಬಿ. ಮೇಲೆಲ್ಲ ಮಸಿ. ಪಕ್ಕದ ಲೇಬಲ್ಲು ಸುಟ್ಟು ಸುರುಟಿಕೊಂಡಿತ್ತು. ಸಾವಿರದ ಆರುನೂರು ವ್ಯಾಟ್ ಎಂಬುದನ್ನಷ್ಟೇ ಓದಬಹುದಿತ್ತು, ಸೀರಿಯಲ್ ನಂಬರು ಕರಕಲಾಗಿತ್ತು. ಚೀಲದಿಂದ ಕೇಬಲ್ಲುಗಳೂ ಹೊರಬಂದವು. ಒಂದರ ತುದಿ ಕರಗಿ ಮುದ್ದೆಯಾಗಿತ್ತು.

“ಆರುನೂರು ವ್ಯಾಟಿನ ಡಬ್ಬಿ ಮೇಲೆ ಸಾವಿರದ ಆರುನೂರು ಅಂತ ಸ್ಟಿಕ್ಕರ್ ಅಂಟಿಸಿರ್ತಾರೆ. ಇದೆಲ್ಲ ಗೊತ್ತಿಲ್ವಾ ನಮಗೆ?” ಎಂದ ಮಾಲೀಕ.

“ಗೊತ್ತಿದ್ರೆ ಒಳ್ಳೇದೇ ಆಯ್ತು,” ಎಂದರು ಮೇಷ್ಟ್ರು, ಕನ್ನಡಕ ಏರಿಸುತ್ತ. “ಆರುನೂರರ ಸಪ್ಲೈ ಆಗಿದ್ರೆ ಅರ್ಧ ದಾರೀಲೇ ಕುಸಿದು ಬೀಳುತ್ತೆ. ಸುಳ್ಳು ಹೇಳೋಕೆ ಅದಕ್ಕೆ ಬಾಯಿಲ್ಲ.”

ಅವರು ಸಪ್ಲೈಯ ಸಾಕೆಟ್ಟುಗಳಿಗೆ ತಮ್ಮದೇ ದಪ್ಪ ತಂತಿಗಳನ್ನು ಸಿಕ್ಕಿಸಿದರು. ಆ ತಂತಿಗಳು ಗೋಡೆಯ ತೂತಿನಿಂದ ಪಕ್ಕದ ಕೋಣೆಗೆ ಹೋಗುತ್ತಿದ್ದವು. ಭಾರ ಹೊರಿಸುವ ಯಂತ್ರ ಇದ್ದದ್ದು ಅಲ್ಲಿ. ನಾಲ್ಕು ಕಾರ್ಡು, ಒಂದು ಪ್ರೊಸೆಸರು ಸೇರಿ ಎಷ್ಟು ಕರೆಂಟು ಎಳೆಯುತ್ತವೋ ಅಷ್ಟನ್ನೂ ಅದು ಎಳೆದು ಬಿಸಿಗಾಳಿ ಮಾಡಿ ಹೊರಗೆ ಬಿಡುತ್ತಿತ್ತು. ಅದರ ಗದ್ದಲ ಈಚೆ ಬಾರದಂತೆ ನಡುವೆ ಗೋಡೆ. ಸಪ್ಲೈಯ ಸದ್ದನ್ನು ಕಿವಿಯಿಂದಲೇ ಕೇಳಬೇಕೆಂಬುದು ಮೇಷ್ಟ್ರ ಹಟ.

“ಹನ್ನೆರಡು ವೋಲ್ಟಿನ ಲೈನಿನ ಮೇಲೆ ಕಣ್ಣಿಡಿ. ಕಾರ್ಡುಗಳು ತಿನ್ನೋದೆಲ್ಲ ಅಲ್ಲಿಂದಲೇ. ಭಾರ ಏರಿದಂಗೆ ಸ್ವಲ್ಪ ಇಳಿಯುತ್ತೆ, ಅದು ಸಹಜ. ಹನ್ನೊಂದು ಪಾಯಿಂಟ್ ನಾಲ್ಕರ ಕೆಳಗೆ ಹೋಯ್ತೋ, ಫೇಲು.”

ಸ್ವಿಚ್ಚು ಬಿತ್ತು. ಸಪ್ಲೈಯ ಫ್ಯಾನು ಒಮ್ಮೆ ಸುತ್ತಿ ನಿಂತಿತು. ಸಣ್ಣ ಭಾರಕ್ಕೆ ಅದು ತಿರುಗುವ ಗೋಜಿಗೂ ಹೋಗಲಿಲ್ಲ.

ಮೇಷ್ಟ್ರು ಗುಂಡಿ ತಿರುಗಿಸುತ್ತ ಹೋದರು. ನಾನೂರು. ಎಂಟುನೂರು. ಫ್ಯಾನು ಗುಂಯ್‌ಗುಟ್ಟತೊಡಗಿತು. ಮೀಟರಿನ ಅಂಕಿ ಹನ್ನೆರಡರ ಮೇಲೆ ಕದಲದೆ ನಿಂತಿತು.

“ಅರ್ಧ ದಾರಿ ಬಂತು,” ಎಂದಳು ಪುಟ್ಟಿ ಮಾಲೀಕನ ಕಡೆ ತಿರುಗಿ. “ಕುಸೀಲಿಲ್ಲ.”

“ಸಪ್ಲೈ ಸರಿಯಿದ್ರೆ ನಿನ್ನ ವೈರಿಂಗ್ ಸರಿಯಿಲ್ಲ. ಎರಡರಲ್ಲಿ ಒಂದು. ಹೇಗೂ ನೀನೇ.”

“ಹಾಗಾ?” ಪುಟ್ಟಿ ಕರಗಿದ ಕೇಬಲನ್ನು ಎತ್ತಿ ಅವನ ಮುಂದೆ ಹಿಡಿದಳು. “ಇದೇನು ಹೇಳಿ.”

“ಕೇಬಲ್ಲು.”

“ಎಷ್ಟು ತಲೆ?”

ಮಾಲೀಕ ನೋಡಿದ. ಒಂದೇ ಕೇಬಲ್ಲು ತುದಿಯಲ್ಲಿ ಕವಲೊಡೆದು ಎರಡು ಪ್ಲಗ್ಗಾಗಿತ್ತು. ಕರಗಿದ್ದು ಆ ಕವಲಿನಲ್ಲೇ.

“ಎರಡು ತಲೆ,” ಎಂದಳು ಪುಟ್ಟಿ. “ಕಾರ್ಡಿಗೆ ಎರಡು ಸಾಕೆಟ್ಟು ಇರುತ್ತೆ. ಎರಡಕ್ಕೂ ಸಪ್ಲೈಯಿಂದ ಬೇರೆಬೇರೆ ಕೇಬಲ್ ಎಳೀತೀನಿ ನಾನು. ಜಾಗ ಇಲ್ಲ, ನೋಡೋಕೆ ಚೆನ್ನಾಗಿರಲ್ಲ ಅಂತ ನೀವೇ ಗೊಣಗಿದ್ರಿ, ನೆನಪಿದ್ಯಾ? ‘ಜಡೆ ಹೆಣೆದಂಗಿದೆ’ ಅಂದಿದ್ರಿ. ಈ ಎರಡು ತಲೆಯದನ್ನ ಹಾಕಿದ್ರೆ ಕಾರ್ಡಿನ ಭಾರ ಪೂರ್ತಿ ಒಂದೇ ಕೇಬಲಿನ ಮೇಲೆ ಬೀಳುತ್ತೆ. ನನ್ನ ಕೈಯಿಂದ ಇದು ಯಾವ ಮೆಷೀನಿಗೂ ಹೋಗಲ್ಲ. ಯಾರು ಬಿಚ್ಚಿದ್ರು ನನ್ನ ಮೆಷೀನನ್ನ?”

“ಯಾರೂ ಬಿಚ್ಚಿಲ್ಲ.”

“ನೀವು ಬಿಚ್ಚಿಸಿದ್ರಾ?”

“ಮರ್ಯಾದೆ ಕೊಟ್ಟು ಮಾತಾಡು! ನಂದೇ ಸ್ಟುಡಿಯೋ ಸುಟ್ಟುಹೋಗಿದೆ.”

“ನಿಮ್ಮ ಸ್ಟುಡಿಯೋಗೆ ವಿಮೆ ಇದೆ. ಆಸ್ಪತ್ರೇಲಿ ಮಲಗಿರೋನಿಗೆ ಇನ್ನೊಂದು ಜೊತೆ ಶ್ವಾಸಕೋಶ ಇಲ್ಲ.”

ಮಾಲೀಕನ ಮುಖ ಕೆಂಪೇರಿತು. ವಿಮೆಯವರು ಕೆಮ್ಮಿದರು. ಅತ್ತೆ ಮಾತ್ರ ಎದ್ದು ಬಂದು, ಸೆರಗಿನಿಂದ ಬಿಳಿ ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡರು. ಆಮೇಲೆ ಅದನ್ನು ಒಣಗಲು ಹಾಕುವವರಂತೆ ಸಪ್ಲೈಯ ಹಿಂಬದಿಯ ಜಾಲರಿಯ ಮುಂದೆ ಬಿಡಿಸಿ ಹಿಡಿದರು. ಬಿಸಿಗಾಳಿಗೆ ಬಟ್ಟೆ ಉಬ್ಬಿ ಪಟಪಟಿಸಿತು.

“ಏನ್ರೀ ಅದು?” ಎಂದರು ಮೇಷ್ಟ್ರು.

“ಬಿಟ್ಟಿ ಗಾಳಿ. ನೀವು ಮುಂದುವರಿಸಿ ಮೇಷ್ಟ್ರೇ.”

ಸಾವಿರದ ಇನ್ನೂರು. ಸಾವಿರದ ನಾನೂರೈವತ್ತು, ಅಂದರೆ ಆ ಮೆಷೀನು ದುಡಿಯುವಾಗ ಕೇಳುತ್ತಿದ್ದಷ್ಟು. ಫ್ಯಾನು ಜೋರಾಯಿತು. ಡಬ್ಬಿಯ ಮೈ ಕೈಯಿಡಲಾಗದಷ್ಟು ಕಾದಿತ್ತು. ಸಾವಿರದ ಆರುನೂರು.

ಅಂಕಿ ಹನ್ನೆರಡರಿಂದ ಕೂದಲೆಳೆಯಷ್ಟು ಇಳಿದು ಅಲ್ಲೇ ನಿಂತುಬಿಟ್ಟಿತು.

ಮೇಷ್ಟ್ರು ಪಕ್ಕದ ಪರದೆಯಲ್ಲಿ ಅಲೆಯ ಗೆರೆ ನೋಡಿದರು. “ಕರೆಂಟೂ ಶುದ್ಧವಾಗಿದೆ. ಗೆರೆ ನಡುಗ್ತಾನೇ ಇಲ್ಲ. ಈಗ ಕೊನೇ ಎರಡು ಪರೀಕ್ಷೆ. ಕಾರ್ಡುಗಳು ಒಂದೇ ಸಮ ಎಳೆಯೋದಿಲ್ಲ ನೋಡಿ, ಆಗಾಗ ಒಮ್ಮೆಲೇ ಗಬಕ್ಕಂತ ಬಾಯಿ ಹಾಕ್ತವೆ. ಆ ಏಟು ತಡೀಬೇಕು.”

ಭಾರ ಏರಿತು, ಬಿತ್ತು, ಮತ್ತೆ ಏರಿತು. ಗುಂಯ್‌ಗುಡುವ ಫ್ಯಾನನ್ನು ಬಿಟ್ಟರೆ ಡಬ್ಬಿ ಚಕಾರ ಎತ್ತಲಿಲ್ಲ.

ಪುಟ್ಟಿ ಒಂದು ಹೆಜ್ಜೆ ಮುಂದೆ ಬಂದಳು. ತಲೆಯನ್ನು ಡಬ್ಬಿಯ ಕಡೆ ವಾಲಿಸಿ ಕಿವಿಗೊಟ್ಟಳು. ಅವಳ ಹುಬ್ಬು ಗಂಟಿಕ್ಕಿದ್ದನ್ನು ಕಂಡವರು ಅತ್ತೆ ಒಬ್ಬರೇ.

“ಇನ್ನು ಮಿತಿ ಮೀರಿಸ್ತೀನಿ,” ಎಂದರು ಮೇಷ್ಟ್ರು. “ಕೆಟ್ಟ ಸಪ್ಲೈ ಉರಿದುಹೋಗುತ್ತೆ. ಒಳ್ಳೇದಾದ್ರೆ ಸಾಯೋ ಮೊದಲು ತಾನೇ ಕೈ ಎತ್ತುತ್ತೆ.”

ಗುಂಡಿ ಇನ್ನಷ್ಟು ತಿರುಗಿತು.

ಟಕ್.

ಸಪ್ಲೈ ತಾನಾಗಿಯೇ ಆರಿತು. ಹೊಗೆಯಿಲ್ಲ, ಕಿಡಿಯಿಲ್ಲ.

“ಪಾಸು,” ಎಂದರು ಮೇಷ್ಟ್ರು ಕೈ ಒರೆಸಿಕೊಳ್ಳುತ್ತ. “ಇಷ್ಟು ಒಳ್ಳೆ ಸಪ್ಲೈ ನನ್ನ ಬೆಂಚಿಗೆ ಬಂದು ತುಂಬಾ ದಿನ ಆಗಿತ್ತು. ಇದರಿಂದ ಬೆಂಕಿ ಹತ್ತಿಲ್ಲ. ಇದನ್ನ ಆರಿಸಿದವರ ತಪ್ಪೂ ಇಲ್ಲ. ಬರೆದುಕೊಡ್ತೀನಿ ಬೇಕಾದ್ರೆ.”

ಬಾಗಿಲ ಬಳಿ ಅಣ್ಣ ಬಿಗಿಹಿಡಿದ ಉಸಿರನ್ನು ಹೊರಗೆ ಬಿಟ್ಟ. ಬಂದಾಗಿನಿಂದ ಮೊದಲ ಸಲ ಅವನ ಮುಖ ಸಡಿಲವಾಯಿತು.

ವಿಮೆಯವರು ಹಾಳೆಯನ್ನು ಮಾಲೀಕನ ಕಡೆ ತಳ್ಳಿದರು. “ಈ ಸಹಿಯ ಅವಶ್ಯಕತೆ ಇನ್ನಿಲ್ಲ ಸಾರ್. ಸಪ್ಲೈ ಕಳಪೆ ಅನ್ನೋ ಮಾತು ಬಿದ್ದುಹೋಯ್ತು. ಕೇಬಲ್ ಯಾರು ಬದಲಾಯಿಸಿದ್ರು ಅಂತ ನಿಮ್ಮವರನ್ನೇ ಕೇಳ್ಬೇಕಾಗುತ್ತೆ.”

ಮಾಲೀಕ ಹಲ್ಲು ಕಚ್ಚಿದ. ಹಾಳೆಯನ್ನು ಮುದುರತೊಡಗಿದ.

“ಸ್ವಲ್ಪ ನಿಲ್ಲಿ,” ಎಂದಳು ಪುಟ್ಟಿ.

ಅವಳ ದನಿಯಲ್ಲಿ ಗೆದ್ದವರ ಹಿಗ್ಗಿರಲಿಲ್ಲ.

“ಮೇಷ್ಟ್ರೇ, ಭಾರ ಏರಿಸಿ ಇಳಿಸಿದಾಗ ಇದು ಹಾಡಲಿಲ್ಲ.”

“ಹಾಡೋದಾ?”

“ಕೆಲವು ಸಪ್ಲೈ ಹಾಡುತ್ತವಲ್ಲ, ಒಳಗಿನ ಕಾಯಿಲ್ ನಡುಗಿ ಸಣ್ಣಗೆ ‘ಕುಂಯ್ಯ್’ ಅಂತ. ನಾನು ಹಾಕಿದ್ದು ಹಾಡ್ತಿತ್ತು. ಅಂಗಡೀಲಿ ಮೊದಲ ಸಲ ಓಡಿಸಿದಾಗಲೇ ಕೇಳಿದ್ದೆ. ಕೆಲಸಕ್ಕೆ ಏನೂ ತೊಂದರೆ ಇಲ್ಲ, ಸದ್ದು ಅಷ್ಟೇ ಅಂತ ಆಪರೇಟರಿಗೂ ಹೇಳಿದ್ದೆ. ಅವನು ‘ನಿನ್ನ ಮೆಷೀನಿಗೆ ಸಂಗೀತ ಬರುತ್ತೆ ಕಣೆ’ ಅಂತ ಫೋನಲ್ಲೆಲ್ಲ ಆಡ್ಕೊಂಡು ನಗ್ತಿದ್ದ.” ಅವಳು ಮಸಿ ಹಿಡಿದ ಡಬ್ಬಿಯನ್ನು ನೋಡಿದಳು. “ಇದು ನಾನು ಹಾಕಿದ ಸಪ್ಲೈ ಅಲ್ಲ.”

ಮೇಷ್ಟ್ರು ಕನ್ನಡಕ ತೆಗೆದರು. “ಯೋಚನೆ ಮಾಡಿ ಮಾತಾಡಮ್ಮ. ಇದು ಪಾಸಾಗಿದ್ದಕ್ಕೇ ನೀನು ಪಾರಾಗಿದ್ದು.”

“ಗೊತ್ತು.”

“ಬಾಯಿ ಮುಚ್ಚಿಕೊಂಡಿದ್ರೆ ಮನೆಗೆ ಹೋಗಬಹುದಿತ್ತು.”

“ನಂದಲ್ಲದ ಡಬ್ಬಿ ಕೊಟ್ಟ ಸರ್ಟಿಫಿಕೇಟ್ ತಗೊಂಡು ಮನೆಗೆ ಹೋಗಿ ಏನ್ ಮಾಡ್ಲಿ? ಗೋಡೆಗೆ ಮೊಳೆ ಹೊಡೆದು ನೇತು ಹಾಕ್ಲಾ? ಅವನಿಗೆ ಹಾಗಾಗಿದ್ದು ಯಾವುದರಿಂದ ಅಂತ ನನಗೆ ಗೊತ್ತಾಗ್ಬೇಕು. ನನ್ನದರಿಂದಲೇ ಆಗಿದ್ರೆ ನಾನೇ ಸ್ಟೇಷನ್ನಿಗೆ ಹೋಗ್ತೀನಿ. ಯಾರೂ ಕರ್ಕೊಂಡು ಹೋಗೋದು ಬೇಡ.”

ಮಾಲೀಕ ಜೋರಾಗಿ ನಕ್ಕ. “ಕೇಳಿದ್ರಾ? ಹಾಡಲಿಲ್ಲವಂತೆ! ನಾಳೆ ಕುಣೀಲಿಲ್ಲ ಅಂತಾಳೆ.”

“ಅವಳ ಕಿವಿ ಬೇಡ ಅಂದ್ರೆ ಬಿಡಿ,” ಎಂದರು ಅತ್ತೆ. “ನಿಮ್ಮ ಕಣ್ಣನ್ನಾದ್ರೂ ನಂಬ್ತೀರಾ?”

ಅವರು ಕರವಸ್ತ್ರವನ್ನು ಮೇಜಿನ ಮೇಲೆ ಹಾಸಿದರು.

ಅದು ಬೆಳ್ಳಗೇ ಇತ್ತು.

“ಕೋಣೆ ತುಂಬ ಹೊಗೆ ಇದ್ದಾಗ ಫ್ಯಾನ್ ತಿರುಗಿಸ್ತಾ ಇದ್ದ ಡಬ್ಬಿ ಇದು ಅಂತೀರಿ. ಹೊಗೆಯನ್ನೆಲ್ಲ ಒಳಗೆ ಎಳ್ಕೊಂಡಿರಬೇಕು ತಾನೆ? ಇಷ್ಟು ಹೊತ್ತು ಗಾಳಿ ಬಿಡ್ತು. ಒಂದು ಚಿಟಿಕೆ ಮಸಿ ಬಂತಾ? ಸುಟ್ಟ ವಾಸನೆ ಬಂತಾ? ಹೊರಗೆ ಮೈಯೆಲ್ಲ ಕರಿ, ಹೊಟ್ಟೆ ಒಳಗೆ ಹಾಲು ಕುಡಿದಷ್ಟು ಶುಭ್ರ.”

ವಿಮೆಯವರು ಕುರ್ಚಿಯಿಂದ ಅರ್ಧ ಎದ್ದರು. “ಹಾಗಾದ್ರೆ ಈ ಮಸಿ?”

“ಆ ಕೋಣೆಯದೇ. ಆದ್ರೆ ತಾನಾಗಿ ಕೂತಿದ್ದಲ್ಲ, ಬಳಿದಿದ್ದು. ಉದುರದೆ ಅಂಟಿಕೊಳ್ಳಲಿ ಅಂತ ಅದಕ್ಕೆ ಏನೋ ಬೆರೆಸಿದ್ದಾರೆ. ತಣ್ಣಗಿದ್ದಾಗ ಗೊತ್ತಾಗ್ತಿರಲಿಲ್ಲ. ಈಗ ನೋಡಿ.”

ಎಲ್ಲರೂ ಬಗ್ಗಿದರು. ಕಾದ ಡಬ್ಬಿಯ ಮೇಲೆ ಮಸಿ ಮೆತ್ತಗಾಗಿ, ಅಲ್ಲಲ್ಲಿ ಎಣ್ಣೆಯಂತೆ ಹೊಳೆಯುತ್ತಿತ್ತು. ಅಂಚಿನಲ್ಲಿ ಒಂದು ಹನಿ ಇಳಿಯಲು ಹವಣಿಸುತ್ತಿತ್ತು. ಎಲ್ಲ ಮನೆಗಳಲ್ಲೂ ಚಪ್ಪಲಿ ಗೂಡಿನಿಂದ ಬರುವ ಪರಿಚಯದ ವಾಸನೆ ಮೆಲ್ಲಗೆ ಮೂಗಿಗೆ ಬಡಿಯಿತು.

“ಬೂಟ್ ಪಾಲಿಶ್,” ಎಂದರು ಮೇಷ್ಟ್ರು.

ಆ ಶೆಡ್ಡಿನಲ್ಲಿ ಯಾರ ಕಾಲಲ್ಲಿ ಏನಿದೆ ಎಂದು ಅತ್ತೆ ನೋಡಬೇಕಾಗಿರಲಿಲ್ಲ. ಮಾಲೀಕನದು ಚಪ್ಪಲಿ. ಮೇಷ್ಟ್ರದು ರಬ್ಬರು ಸ್ಲಿಪ್ಪರು. ವಿಮೆಯವರದು ಕ್ಯಾನ್ವಾಸು.

ಪುಟ್ಟಿ ನಿಧಾನವಾಗಿ ಬಾಗಿಲ ಕಡೆ ತಿರುಗಿದಳು.

“ಅಣ್ಣಾ?”

ಅವನು ಗೋಡೆಗೆ ಒರಗಿದ್ದ. ಮಿರುಗುವ ಬೂಟಿನ ತುದಿಯನ್ನೇ ದಿಟ್ಟಿಸುತ್ತಿದ್ದ.

“ಸುಮ್ಮನಿರೋಕೆ ಏನಾಗಿತ್ತೇ ನಿನಗೆ?” ಎಂದ. “ಪಾಸಾಗಿತ್ತಲ್ಲ. ಎಲ್ಲ ಮುಗಿದಿತ್ತಲ್ಲ.”

“ನೀನು ಇಟ್ಟಿದ್ದಾ?”

“ನಿನ್ನ ಅಂಗಡೀದೇ. ಕಪಾಟಲ್ಲಿ ಅಂಥದೇ ಇನ್ನೊಂದು ಇತ್ತಲ್ಲ. ಬೆಂಕಿ ಆರಿದ ಮೇಲೆ, ವಿಮೆಯವರು ಸೀಲ್ ಹಾಕೋಕೆ ಬರೋದರೊಳಗೆ ತಂದು ಇಟ್ಟೆ.” ಬ್ಯಾಂಡೇಜಿನ ಕೈಯಿಂದ ಮುಖ ಒರೆಸಿಕೊಂಡ. “ಒಳ್ಳೇದು ಇದ್ರೆ ನಿನ್ನನ್ನ ಯಾರೂ ಏನೂ ಅನ್ನಲ್ಲ ಅನ್ಕೊಂಡೆ. ಇಷ್ಟೇ ಹೊಳೆದಿದ್ದು ನನಗೆ.”

ಬೈಯಬೇಕೋ ತಬ್ಬಬೇಕೋ ತಿಳಿಯದ ಹಾಗೆ ಪುಟ್ಟಿಯ ಕೈ ಗಾಳಿಯಲ್ಲಿ ನಿಂತಿತು.

ಮಾಲೀಕನಿಗೆ ಮಾತ್ರ ಹೋದ ಜೀವ ಬಂದಂತಾಗಿತ್ತು. “ಸಾಕ್ಷಿಯನ್ನೇ ಬದಲಾಯಿಸಿದ್ದಾರೆ! ಅಣ್ಣ ತಂಗಿ ಇಬ್ಬರೂ ಸೇರಿ ಆಡಿದ ಆಟ. ಇನ್ನು ಸಹಿಯೂ ಬೇಡ, ಗಿಹಿಯೂ ಬೇಡ.” ಫೋನ್ ತೆಗೆದು ಠಾಣೆಯ ನಂಬರು ಒತ್ತಿದ. ಲೈನು ಸಿಗದೆ ಮತ್ತೆ ಮತ್ತೆ ಒತ್ತುತ್ತ ನಿಂತ.

“ಫೋನ್ ಮಾಡಿ,” ಎಂದಳು ಪುಟ್ಟಿ. “ಸಹಿನೂ ಕೊಡ್ತೀನಿ, ತಗೊಳ್ಳಿ.”

ಅವನ ಜೇಬಿನಿಂದ ಪೆನ್ನು ಕಿತ್ತುಕೊಂಡಳು. ಮುದುರಿದ ಹಾಳೆಯನ್ನು ಮೇಜಿನ ಮೇಲೆ ಬಡಿದು ನೇರ ಮಾಡಿ, ತಿರುವಿ ಹಾಕಿ, ಖಾಲಿ ಬೆನ್ನಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: ಪರೀಕ್ಷೆಯಲ್ಲಿ ಪಾಸಾದ ಈ ಸಪ್ಲೈ ನಾನು ಹಾಕಿದ್ದಲ್ಲ. ನಾನು ಹಾಕಿದ್ದನ್ನು ಹುಡುಕಿ ತನ್ನಿ, ಇದೇ ಬೆಂಚಿನ ಮೇಲೆ, ಎಲ್ಲರ ಎದುರಿಗೆ ಓಡಿಸಿ.

ಕೆಳಗೆ ಸಹಿ ಹಾಕಿದಳು. ಕಾಗದ ಹರಿಯುವಷ್ಟು ಒತ್ತಿ.

“ಶಭಾಷ್,” ಎಂದರು ಅತ್ತೆ, ತಮಗಷ್ಟೇ ಕೇಳುವಂತೆ. ಆಮೇಲೆ ಸೋದರಳಿಯನ ಬಳಿಗೆ ಹೋದರು. ಅವನ ಅಂಗಿಯ ಕಾಲರು ಸರಿಮಾಡಿದರು, ಚಿಕ್ಕವನಿದ್ದಾಗ ಶಾಲೆಗೆ ಕಳಿಸುವಾಗ ಮಾಡುತ್ತಿದ್ದ ಹಾಗೆ.

“ದಡ್ಡ ನನ್ಮಗನೆ. ಆಗಿದ್ದಾಯ್ತು. ಈಗ ನಿಜ ಹೇಳು. ತೆಗೆದ ಹಳೇ ಸಪ್ಲೈ ಎಲ್ಲಿಟ್ಟೆ?”

ಅವನು ಮುಖ ಎತ್ತಿದ. ಕಣ್ಣಿನಲ್ಲಿ ಕಳ್ಳನ ಅಂಜಿಕೆ ಇರಲಿಲ್ಲ, ಬೇರೇನೋ ಇತ್ತು.

“ನಾನು ತೆಗೀಲಿಲ್ಲ ಅತ್ತೆ.”

“ಅಂದ್ರೆ?”

“ನಾನು ಹೊಸದು ತಂದು ಒಳಗೆ ಹೋದಾಗ ಮೆಷೀನಲ್ಲಿ ಆ ಜಾಗ ಖಾಲಿ ಇತ್ತು. ಕೇಬಲ್ಲೆಲ್ಲ ಹಾಗೇ ನೇತಾಡ್ತಿದ್ವು. ಸಪ್ಲೈನ ಆಗಲೇ ಯಾರೋ ಬಿಚ್ಚಿಕೊಂಡು ಹೋಗಿದ್ರು. ಇಲ್ಲ ಅಂತ ಗೊತ್ತಾದ್ರೆ ಇವಳೇ ಅಡಗಿಸಿದ್ಲು ಅಂತಾರೆ ಅಂತ ಹೆದರಿ...”

“ಆ ಕೋಣೆ ಬೀಗದ ಕೈ ಯಾರ ಹತ್ರ ಇತ್ತು?”

“ಒಂದು ನನ್ನ ಹತ್ರ.” ಅವನು ಮಾಲೀಕನ ಕಡೆ ನೋಡಿದ. “ಇನ್ನೊಂದು...”

ಅಷ್ಟರಲ್ಲಿ ಮಾಲೀಕನ ಫೋನಿನಿಂದ ಸಣ್ಣ ದನಿ ಕೇಳಿಸಿತು. “ಹಲೋ, ಪೊಲೀಸ್ ಠಾಣೆ. ಯಾರು ಮಾತಾಡೋದು? ಹಲೋ?”

ಮಾಲೀಕನ ಹೆಬ್ಬೆರಳು ಮೆಲ್ಲಗೆ ಸರಿದು ಕರೆಯನ್ನು ಕಡಿದುಹಾಕಿತು.

“ಯಾಕ್ರೀ?” ಎಂದರು ಅತ್ತೆ, ತುಂಬ ಮೆತ್ತಗೆ. “ಈಗ ತಾನೆ ಅಷ್ಟು ಅವಸರ ಇತ್ತಲ್ಲ?”